ಲೋಹ ಕಡೆಯುವ ಮುನ್ನ ಓದುವ ಲೆಕ್ಕ: ಪಾರ್ಸರ್ ಕಾಂಬಿನೇಟರ್‌ಗಳ ಪರಿಚಯ

ಸೊಲ್ಲಾಪುರದಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65ರ ಬದಿಯಲ್ಲಿ, ಮೊಹೋಳ ತಾಲ್ಲೂಕಿನಲ್ಲಿರುವ ಕೈಗಾರಿಕಾ ಪ್ರದೇಶವು ಸುತ್ತಲಿನವರ ಬಾಯಲ್ಲಿ ಚಿಂಚೋಳಿ ಎಂಐಡಿಸಿ ಎಂದೇ ಬಳಕೆಯಾಗಿದ್ದು, ಕಲಬುರಗಿ ಜಿಲ್ಲೆಯ ಚಿಂಚೋಳಿಗೂ ಇದಕ್ಕೂ ಹೆಸರಿನ ಸಾಮ್ಯವೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು (ಎಂಐಡಿಸಿ) ಸೊಲ್ಲಾಪುರದ ಆಸುಪಾಸಿನಲ್ಲಿ ರೂಪಿಸಿದ ಪ್ರದೇಶಗಳಲ್ಲಿ ಇದೂ ಒಂದು. ಇನ್ನೊಂದು ಅಕ್ಕಲಕೋಟೆ ರಸ್ತೆಯಲ್ಲಿದೆ. ಚಾದರ ಮತ್ತು ಟೆರ್ರಿ ಟವೆಲ್‌ಗಳಿಂದ ಹೆಸರಾದ ಸೊಲ್ಲಾಪುರದಲ್ಲಿ ಜವಳಿಯ ಜೊತೆಗೆ ಯಂತ್ರಭಾಗಗಳ ತಯಾರಿಕೆಯೂ ಬೆಳೆದಿದ್ದು, ವಾಹನಗಳ ಎಂಜಿನ್ನಿಗೆ ಬೇಕಾದ ಕ್ಯಾಮ್‌ಶಾಫ್ಟ್‌ಗಳನ್ನು ತಯಾರಿಸುವ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಂಪನಿಯ ಘಟಕಗಳು ಈ ಎರಡೂ ಕಡೆ ಇವೆ. ಇಂಥ ಭಾಗಗಳಲ್ಲಿ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ವ್ಯತ್ಯಾಸವೂ ಲೆಕ್ಕಕ್ಕೆ ಬರುವುದರಿಂದ, ಅವನ್ನು ಕಡೆಯುವ ಮತ್ತು ಉಜ್ಜುವ ಕೆಲಸವನ್ನು ಇಂದು ಎಲ್ಲೆಡೆ ಸಿಎನ್‌ಸಿ ಯಂತ್ರಗಳು, ಅಂದರೆ ಅಂಕಿಗಳಲ್ಲಿ ಬರೆದ ಆದೇಶಗಳನ್ನು ಕಂಪ್ಯೂಟರಿನ ಮೂಲಕ ಓದಿಕೊಂಡು ನಡೆಯುವ ಯಂತ್ರಗಳು, ಮಾಡುತ್ತವೆ.

ಯಂತ್ರದ ಮುಂದೆ ನಿಂತ ಆಪರೇಟರಿನ ಕೈಯಲ್ಲಿ ಡ್ರಾಯಿಂಗ್ ಇದ್ದರೂ ಯಂತ್ರಕ್ಕೆ ತಿಳಿಯುವುದು ಅದರೊಳಗೆ ತುಂಬಿದ ಪ್ರೋಗ್ರಾಂ ಮಾತ್ರ, ಮತ್ತು ಆ ಪ್ರೋಗ್ರಾಂ ಜಿ-ಕೋಡ್ ಎಂಬ ಸಂಕೇತಭಾಷೆಯಲ್ಲಿ ಸಾಲುಸಾಲಾಗಿ ಬರೆದ ಸಾದಾ ಪಠ್ಯ. ಈ ಪಠ್ಯವನ್ನು ಕಂಪ್ಯೂಟರು ಹೇಗೆ ಓದುತ್ತದೆ, ತಪ್ಪಿದ್ದರೆ ಅದನ್ನು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಗೆ ಕಂಪ್ಯೂಟರ್ ವಿಜ್ಞಾನ ಹಲವು ಉತ್ತರಗಳನ್ನು ಕೊಟ್ಟಿದೆ. ಅವುಗಳಲ್ಲಿ ಅತ್ಯಂತ ಸೊಗಸಾದದ್ದು, ಆದರೆ ವಿಶ್ವವಿದ್ಯಾಲಯಗಳ ಹೊರಗೆ ಅಷ್ಟಾಗಿ ಪರಿಚಯವಿಲ್ಲದ್ದು, ಪಾರ್ಸರ್ ಕಾಂಬಿನೇಟರ್ ಎಂಬ ವಿಧಾನ. ಚಿಂಚೋಳಿಯ ಕಾರ್ಖಾನೆಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ ಎಂಬುದು ಇಲ್ಲಿನ ವಾದವಲ್ಲ. ಅಲ್ಲಿ ದಿನನಿತ್ಯ ಓಡುವ ಸಂಕೇತಭಾಷೆಯು ಈ ವಿಧಾನವನ್ನು ವಿವರಿಸಲು ಒಳ್ಳೆಯ ಉದಾಹರಣೆಯಾಗಿದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಒಂದು ಸಾಲಿನ ಒಳಗೆ

ಅಂಕಿಗಳ ಮೂಲಕ ಯಂತ್ರ ನಡೆಸುವ ಪದ್ಧತಿಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲಿ ಒಂದು ಮಿಲ್ಲಿಂಗ್ ಯಂತ್ರದ ಮೇಲೆ ಪ್ರದರ್ಶಿಸಿತು. ಆ ಕಾಲದಲ್ಲಿ ಆದೇಶಗಳನ್ನು ರಂಧ್ರ ಹೊಡೆದ ಕಾಗದದ ಪಟ್ಟಿಯ ಮೇಲೆ ಬರೆಯಲಾಗುತ್ತಿತ್ತು. ಸೊಲ್ಲಾಪುರದ ಚಾದರಗಳಲ್ಲಿ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗವು ರಂಧ್ರದ ಕಾರ್ಡುಗಳನ್ನು ಓದುವ ಕ್ರಮವನ್ನು 19ನೆಯ ಶತಮಾನದ ಆರಂಭದಲ್ಲೇ ರೂಢಿಗೆ ತಂದಿದ್ದರಿಂದ, ಈ ಎರಡು ಉದ್ಯಮಗಳ ನಡುವೆ ತಂತ್ರದ ನಂಟೂ ಇದೆ ಎನ್ನಬಹುದು. ಮುಂದೆ ಜಿ-ಕೋಡ್‌ಗೆ ಆರ್‌ಎಸ್-274 ಎಂಬ ಮಾನಕ ರೂಪುಗೊಂಡಿತು. ಅದರ ಒಂದು ಪ್ರಭೇದದ ವ್ಯಾಕರಣವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2000ದಲ್ಲಿ ವಿವರವಾಗಿ ಪ್ರಕಟಿಸಿತು. ಆದರೆ ಯಂತ್ರಗಳ ಕಂಟ್ರೋಲರುಗಳನ್ನು ತಯಾರಿಸುವ ಫಾನುಕ್, ಸೀಮೆನ್ಸ್ ಮುಂತಾದ ಕಂಪನಿಗಳು ತಮ್ಮ ತಮ್ಮ ರೂಢಿಗಳನ್ನು ಉಳಿಸಿಕೊಂಡೇ ಬಂದವು.

ಲೇಥ್ ಯಂತ್ರದ ಪ್ರೋಗ್ರಾಂನ ಒಂದು ಸಾಲನ್ನು, ಅದರ ರೋಮನ್ ಅಕ್ಷರಗಳನ್ನು ಕನ್ನಡದಲ್ಲಿ ಬರೆದುಕೊಂಡು, ಹೀಗೆ ತೋರಿಸಬಹುದು:

ಎನ್40 ಜಿ01 ಎಕ್ಸ್24.5 ಝಡ್-30.0 ಎಫ್0.2

ಇಡೀ ಸಾಲಿಗೆ ಬ್ಲಾಕ್ ಎಂದೂ, ಅದರೊಳಗಿನ ಅಕ್ಷರ ಮತ್ತು ಸಂಖ್ಯೆಯ ಪ್ರತಿಯೊಂದು ಜೋಡಿಗೆ ವರ್ಡ್ ಎಂದೂ ಹೆಸರು. ಎನ್40 ಎಂಬುದು ಸಾಲಿನ ಕ್ರಮಸಂಖ್ಯೆ. ಜಿ01 ಎಂದರೆ ನೇರ ಗೆರೆಯಲ್ಲಿ ಕಡೆಯುತ್ತ ಸಾಗು ಎಂಬ ಆದೇಶ. ಎಕ್ಸ್ ಎಂಬುದು ಸಾಮಾನ್ಯವಾಗಿ ಜಾಬ್‌ನ, ಅಂದರೆ ಕಡೆಯುತ್ತಿರುವ ಲೋಹದ ತುಂಡಿನ, ವ್ಯಾಸವನ್ನೂ ಝಡ್ ಅದರ ಉದ್ದದ ದಿಕ್ಕನ್ನೂ ಸೂಚಿಸುತ್ತವೆ. ಎಫ್ ಎಂಬುದು ಫೀಡ್, ಅಂದರೆ ಜಾಬನ್ನು ತಿರುಗಿಸುವ ಸ್ಪಿಂಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ಮುಂದೆ ಸರಿಯಬೇಕೆಂಬ ಅಳತೆ. ಎಂ03 ಸ್ಪಿಂಡಲನ್ನು ತಿರುಗಿಸುತ್ತದೆ, ಎಂ08 ಕೂಲೆಂಟ್ ಬಿಡುತ್ತದೆ, ಎಂ30 ಪ್ರೋಗ್ರಾಂ ಮುಗಿಸುತ್ತದೆ.

ಅಕ್ಷರಗಳ ಉದ್ದನೆಯ ಸರಣಿಯನ್ನು ಎಡದಿಂದ ಬಲಕ್ಕೆ ಓದಿ, ಅದರಲ್ಲಿ ಅಡಗಿರುವ ರಚನೆಯನ್ನು ಗುರುತಿಸಿ, ಕಂಪ್ಯೂಟರು ಮುಂದೆ ಬಳಸಬಹುದಾದ ರೂಪದಲ್ಲಿ ಒಪ್ಪಿಸುವ ಪ್ರೋಗ್ರಾಮಿಗೆ ಪಾರ್ಸರ್ ಎನ್ನುತ್ತಾರೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ರೂಪಿಸಿದ ಯಾಕ್ ಎಂಬ ಸಾಧನವು ಪಾರ್ಸರ್ ಬರೆಯುವ ಒಂದು ಪ್ರಸಿದ್ಧ ಮಾರ್ಗವನ್ನು ಹಾಕಿಕೊಟ್ಟಿತು. ಅಲ್ಲಿ ಭಾಷೆಯ ವ್ಯಾಕರಣವನ್ನು ಒಂದು ವಿಶೇಷ ಸಂಕೇತದಲ್ಲಿ ಪ್ರತ್ಯೇಕ ಕಡತದಲ್ಲಿ ಬರೆದುಕೊಟ್ಟರೆ, ಯಾಕ್ ಅದನ್ನು ಓದಿ ಸಿ ಭಾಷೆಯಲ್ಲಿ ಪಾರ್ಸರೊಂದನ್ನು ತಾನೇ ಬರೆದು ಕೊಡುತ್ತದೆ. ಹಾಗೆ ಹುಟ್ಟಿದ ಪಾರ್ಸರ್ ವೇಗವಾಗಿ ನಡೆಯುತ್ತದೆಯಾದರೂ ಅದರ ಒಳಗು ಮನುಷ್ಯರು ಓದಲು ತಕ್ಕುದಲ್ಲ, ಮತ್ತು ವ್ಯಾಕರಣ ಬರೆಯುವವನು ಎರಡು ಭಾಷೆಗಳ ನಡುವೆ ಓಡಾಡಬೇಕಾಗುತ್ತದೆ. ಕಾಂಬಿನೇಟರ್ ವಿಧಾನವು ಈ ಎರಡು ಹಂತಗಳನ್ನು ಒಂದಾಗಿಸಿ, ವ್ಯಾಕರಣವನ್ನು ಬರೆದದ್ದೇ ಪಾರ್ಸರನ್ನು ಬರೆದಂತೆ ಆಗುವ ಹಾಗೆ ಮಾಡುತ್ತದೆ.

ಸಣ್ಣ ಪಾರ್ಸರುಗಳ ಜೋಡಣೆ

ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗಳೆಂದು ಕರೆಯುವ ಹ್ಯಾಸ್ಕೆಲ್, ಓಕ್ಯಾಮಲ್, ಎಫ್-ಶಾರ್ಪ್ ಮೊದಲಾದವುಗಳಲ್ಲಿ ಫಂಕ್ಷನ್ ಎಂಬುದು, ಅಂದರೆ ಒಂದನ್ನು ಕೊಟ್ಟರೆ ಇನ್ನೊಂದನ್ನು ಮರಳಿಸುವ ಲೆಕ್ಕದ ನಿಯಮವು, ಸಂಖ್ಯೆ ಅಥವಾ ಪದದಂತೆಯೇ ಕೈಯಿಂದ ಕೈಗೆ ದಾಟಿಸಬಹುದಾದ ವಸ್ತು. ಒಂದು ಫಂಕ್ಷನ್ ಇನ್ನೊಂದು ಫಂಕ್ಷನ್ನನ್ನು ಪಡೆದು ಮೂರನೆಯದನ್ನು ಕಟ್ಟಿ ಕೊಡಬಲ್ಲದು. ಈ ಸೌಲಭ್ಯದ ಮೇಲೆ ಇಡೀ ವಿಧಾನ ನಿಂತಿದೆ. ಇಲ್ಲಿ ಪಾರ್ಸರ್ ಎಂದರೆ ಒಂದು ಫಂಕ್ಷನ್ ಅಷ್ಟೇ: ಪಠ್ಯವನ್ನು ಅದರ ಕೈಗಿತ್ತರೆ ಅದು ಆರಂಭದ ಸ್ವಲ್ಪ ಭಾಗವನ್ನು ಓದಿ, ಓದಿದ್ದರ ಫಲವನ್ನೂ ಓದದೆ ಉಳಿದ ಪಠ್ಯವನ್ನೂ ಮರಳಿಸುತ್ತದೆ, ಇಲ್ಲವೇ ಓದಲಾಗಲಿಲ್ಲವೆಂದು ತಿಳಿಸುತ್ತದೆ. ಸಂಖ್ಯೆಯನ್ನು ಓದುವ ಪಾರ್ಸರಿಗೆ 24.5 ಎಂಬುದರಿಂದ ಆರಂಭವಾಗಿ ಝಡ್-30.0 ಎಂದು ಮುಂದುವರಿಯುವ ಪಠ್ಯವನ್ನು ಕೊಟ್ಟರೆ, ಅದು 24.5 ಎಂಬ ಸಂಖ್ಯೆಯನ್ನು ತೆಗೆದುಕೊಟ್ಟು, ಅಲ್ಲಿಂದ ಮುಂದಿನದನ್ನು ಮುಟ್ಟದೆ ಹಾಗೆಯೇ ಹಿಂದಿರುಗಿಸುತ್ತದೆ. ಹೀಗೆ ಉಳಿದದ್ದನ್ನು ಮರಳಿಸುವ ಶಿಸ್ತು ಇರುವುದರಿಂದಲೇ ಒಂದು ಪಾರ್ಸರ್ ನಿಲ್ಲಿಸಿದಲ್ಲಿಂದ ಇನ್ನೊಂದು ಆರಂಭಿಸಬಹುದು.

ಪಾರ್ಸರುಗಳನ್ನು ಪಡೆದು ಹೊಸ ಪಾರ್ಸರನ್ನು ಕಟ್ಟಿಕೊಡುವ ಫಂಕ್ಷನ್ನಿಗೆ ಕಾಂಬಿನೇಟರ್ ಎಂದು ಹೆಸರು. ಮುಖ್ಯವಾದವು ಮೂರೇ: ಎರಡು ಪಾರ್ಸರುಗಳನ್ನು ಒಂದರ ಹಿಂದೆ ಒಂದರಂತೆ ನಡೆಸುವ ಸರಣಿ, ಮೊದಲನೆಯದು ಸೋತರೆ ಎರಡನೆಯದನ್ನು ಪ್ರಯತ್ನಿಸುವ ಆಯ್ಕೆ, ಮತ್ತು ಒಂದೇ ಪಾರ್ಸರನ್ನು ಸಾಧ್ಯವಾದಷ್ಟು ಸಲ ನಡೆಸುವ ಪುನರಾವೃತ್ತಿ. ಒಂದೇ ಒಂದು ಅಂಕಿಯನ್ನು ಓದುವ ಪಾರ್ಸರ್ ಮತ್ತು ಒಂದು ಗೊತ್ತಾದ ಅಕ್ಷರವನ್ನು ಓದುವ ಪಾರ್ಸರ್ ಕೈಯಲ್ಲಿದ್ದರೆ, ಈ ಮೂರನ್ನು ಬಳಸಿ ಜಿ-ಕೋಡ್‌ನ ವ್ಯಾಕರಣವನ್ನು ಸರಳ ರೂಪದಲ್ಲಿ ಹೀಗೆ ಕಟ್ಟಬಹುದು:

ಸಂಖ್ಯೆ = ಬೇಕಾದರೆ ಚಿಹ್ನೆ, ನಂತರ ಒಂದು ಅಥವಾ ಹೆಚ್ಚು ಅಂಕಿ, ನಂತರ ಬೇಕಾದರೆ ಚುಕ್ಕಿ ಮತ್ತು ಅದರ ಮುಂದೆ ಇದ್ದಷ್ಟು ಅಂಕಿಗಳು
ವರ್ಡ್ = ಅಕ್ಷರ, ನಂತರ ಸಂಖ್ಯೆ
ಬ್ಲಾಕ್ = ಒಂದು ಅಥವಾ ಹೆಚ್ಚು ವರ್ಡ್, ನಂತರ ಸಾಲಿನ ಕೊನೆ
ಪ್ರೋಗ್ರಾಂ = ಒಂದು ಅಥವಾ ಹೆಚ್ಚು ಬ್ಲಾಕ್, ನಂತರ ಕಡತದ ಕೊನೆ

ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದಾಗಲೂ ಇದು ಹೆಚ್ಚುಕಡಿಮೆ ಇಷ್ಟೇ ಸಾಲುಗಳಲ್ಲಿ, ಇದೇ ಕ್ರಮದಲ್ಲಿ ಇರುತ್ತದೆ. ಇದರ ಪ್ರಯೋಜನವೆಂದರೆ ಪ್ರತಿಯೊಂದು ಸಾಲನ್ನೂ ಬೇರೆಯಾಗಿ ಪರೀಕ್ಷಿಸಬಹುದು ಮತ್ತು ಬೇರೆಯಾಗಿ ಬದಲಾಯಿಸಬಹುದು. ಫಾನುಕ್ ಕಂಟ್ರೋಲರಿನಲ್ಲಿ ಟಿಪ್ಪಣಿಯನ್ನು ಆವರಣ ಚಿಹ್ನೆಗಳ ನಡುವೆ ಬರೆದರೆ ಸೀಮೆನ್ಸ್‌ನಲ್ಲಿ ಅರ್ಧವಿರಾಮ ಚಿಹ್ನೆಯ ಮುಂದೆ ಬರೆಯುವುದು ರೂಢಿ. ಎರಡೂ ಬಗೆಯ ಯಂತ್ರಗಳಿರುವ ಕಾರ್ಖಾನೆಗೆ ಪಾರ್ಸರ್ ಬರೆಯುವಾಗ ಟಿಪ್ಪಣಿಯನ್ನು ಓದುವ ತುಣುಕನ್ನಷ್ಟೇ ಬದಲಿಸಿ, ಸಂಖ್ಯೆ ಮತ್ತು ವರ್ಡ್‌ಗಳ ತುಣುಕುಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬಹುದು. ಒಂದೇ ಯಂತ್ರಕ್ಕೆ ಬೇರೆ ಬೇರೆ ಟೂಲ್ ತೊಡಿಸುವುದು ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟರ್‌ಗೆ ಹೇಗೆ ಸಹಜವೋ, ಒಂದೇ ವ್ಯಾಕರಣಕ್ಕೆ ಬೇರೆ ಬೇರೆ ತುಣುಕು ಕೂಡಿಸುವುದು ಇಲ್ಲಿ ಅಷ್ಟೇ ಸಹಜ.

ಚುಕ್ಕಿಯ ಬೆಲೆ

ಓದುವ ಕೆಲಸದಲ್ಲಿ ಎಷ್ಟು ಸೂಕ್ಷ್ಮವಿದೆ ಎಂಬುದಕ್ಕೆ ಎಕ್ಸ್10 ಎಂಬ ಒಂದೇ ವರ್ಡ್ ಸಾಕು. ಫಾನುಕ್ ಕಂಟ್ರೋಲರಿನ ಹಳೆಯ ರೂಢಿಯ ಸೆಟ್ಟಿಂಗ್‌ನಲ್ಲಿ, ದಶಮಾಂಶ ಚುಕ್ಕಿಯಿಲ್ಲದ ಸಂಖ್ಯೆಯನ್ನು ಯಂತ್ರದ ಅತಿ ಸಣ್ಣ ಅಳತೆಯ ಲೆಕ್ಕದಲ್ಲಿ ಎಣಿಸಲಾಗುತ್ತದೆ. ಆ ಅಳತೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾಗಿದ್ದರೆ ಎಕ್ಸ್10. ಎಂದು ಚುಕ್ಕಿಯೊಂದಿಗೆ ಬರೆದದ್ದು 10 ಮಿಲಿಮೀಟರ್ ಆಗುತ್ತದೆ, ಚುಕ್ಕಿ ಬಿಟ್ಟುಹೋದದ್ದು 0.010 ಮಿಲಿಮೀಟರ್ ಆಗುತ್ತದೆ. ಟೂಲ್ ಹೋಗಬೇಕಾದಲ್ಲಿಗೆ ಹೋಗದೆ ಜಾಬ್‌ನ ಮಧ್ಯಕ್ಕೇ ನುಗ್ಗಲು, ಟೂಲಿನ ತುದಿಯ ಇನ್ಸರ್ಟ್ ಮುರಿಯಲು, ಜಾಬ್ ಸ್ಕ್ರ್ಯಾಪ್ ಆಗಲು ಇಷ್ಟು ಸಾಕು. ಹೊಸ ಪ್ರೋಗ್ರಾಮನ್ನು ಮೊದಲು ಲೋಹ ಕಡೆಯದೆ ಡ್ರೈ ರನ್ ಕ್ರಮದಲ್ಲಿ, ಅಥವಾ ಒಂದೊಂದೇ ಸಾಲಾಗಿ ಸಿಂಗಲ್ ಬ್ಲಾಕ್ ಕ್ರಮದಲ್ಲಿ ನಡೆಸಿ ನೋಡುವ ಪದ್ಧತಿ ಇರುವುದು ಇಂಥ ಅಪಾಯಗಳಿಗಾಗಿಯೇ.

ಪಾರ್ಸರ್ ಈ ಎರಡೂ ಬರಹಗಳನ್ನು ಓದಿ ಕೇವಲ 10 ಎಂಬ ಸಂಖ್ಯೆಯನ್ನು ಒಪ್ಪಿಸಿಬಿಟ್ಟರೆ ಚುಕ್ಕಿಯ ಸುದ್ದಿ ಅಲ್ಲಿಗೇ ಕಳೆದುಹೋಗುತ್ತದೆ. ಹ್ಯಾಸ್ಕೆಲ್‌ನಂಥ ಭಾಷೆಗಳಲ್ಲಿ ಇದನ್ನು ತಪ್ಪಿಸಲು ಚುಕ್ಕಿಯಿರುವ ಸಂಖ್ಯೆ ಮತ್ತು ಚುಕ್ಕಿಯಿಲ್ಲದ ಸಂಖ್ಯೆ ಎಂಬ ಎರಡು ಬಗೆಗಳನ್ನು ಬೇರೆಬೇರೆಯಾಗಿ ಘೋಷಿಸಿ, ಪಾರ್ಸರಿನ ಫಲ ಇವೆರಡರಲ್ಲಿ ಒಂದಾಗಿರುವಂತೆ ಮಾಡಬಹುದು. ಆಮೇಲೆ ಆ ಫಲವನ್ನು ಬಳಸುವ ಪ್ರೋಗ್ರಾಮಿನಲ್ಲಿ ಒಂದು ಬಗೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಇನ್ನೊಂದನ್ನು ಮರೆತಿದ್ದರೆ, ಭಾಷೆಯ ಕಂಪೈಲರ್ ತನ್ನ ಎಚ್ಚರಿಕೆಗಳ ಮೂಲಕ ಆ ಮರೆವನ್ನು ತೋರಿಸಿಕೊಡುತ್ತದೆ.

ಇನ್ನೊಂದು ತೊಡಕು ವೇಗವನ್ನು ಸೂಚಿಸುವ ಎಸ್ ಅಕ್ಷರದ್ದು. ಜಿ97 ಜಾರಿಯಲ್ಲಿದ್ದಾಗ ಎಸ್1200 ಎಂದರೆ ನಿಮಿಷಕ್ಕೆ 1200 ಸುತ್ತು. ಜಿ96 ಜಾರಿಯಲ್ಲಿದ್ದಾಗ, ಮೆಟ್ರಿಕ್ ಅಳತೆಯಲ್ಲಿ, ಎಸ್180 ಎಂದರೆ ಕಡೆಯುವ ಮೇಲ್ಮೈಯ ವೇಗ ನಿಮಿಷಕ್ಕೆ 180 ಮೀಟರ್ ಇರಬೇಕು ಎಂಬ ಆದೇಶ, ಮತ್ತು ಆಗ ವ್ಯಾಸ ಕಿರಿದಾದಂತೆ ಸ್ಪಿಂಡಲ್ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಹಿಂದೆ ಓದಿದ್ದು ಯಾವುದು ಎಂಬುದರ ಮೇಲೆ ಮುಂದಿನದರ ಅರ್ಥ ನಿಲ್ಲುತ್ತದೆ. ಒಂದು ಪಾರ್ಸರಿನ ಫಲವನ್ನು ನೋಡಿಕೊಂಡು ಮುಂದಿನ ಪಾರ್ಸರ್ ಯಾವುದಾಗಬೇಕೆಂದು ನಿರ್ಧರಿಸುವ ಜೋಡಣೆಗೆ ಫಂಕ್ಷನಲ್ ಭಾಷೆಗಳಲ್ಲಿ ಮೊನಾಡ್ ಎಂಬ ರಚನೆಯನ್ನು ಬಳಸುತ್ತಾರೆ. ಗಣಿತದಿಂದ ಬಂದ ಈ ಹೆಸರು ಹೊಸಬರನ್ನು ಹೆದರಿಸುವುದುಂಟಾದರೂ, ಇಲ್ಲಿ ಅದರ ಕೆಲಸ ಜಿ96 ಬಂತೋ ಜಿ97 ಬಂತೋ ಎಂಬುದನ್ನು ಮುಂದಿನ ತುಣುಕಿಗೆ ದಾಟಿಸುವುದಷ್ಟೇ.

ಕಲ್ಪನೆ ಬೆಳೆದ ಬಗೆ

ಸಣ್ಣ ಪಾರ್ಸರುಗಳನ್ನು ಫಂಕ್ಷನ್ನುಗಳಾಗಿ ಜೋಡಿಸುವ ಕಲ್ಪನೆ ವಿಲಿಯಂ ಬರ್ಜ್ ಅವರ 1975ರ ಗ್ರಂಥದಲ್ಲೇ ಕಾಣಿಸುತ್ತದೆ. 1985ರಲ್ಲಿ ಫಿಲಿಪ್ ವಾಡ್ಲರ್ ಒಂದು ಪ್ರಬಂಧದಲ್ಲಿ, ಪಾರ್ಸರ್ ಒಂದೇ ಫಲದ ಬದಲು ಫಲಗಳ ಪಟ್ಟಿಯನ್ನು ಮರಳಿಸುವ ಉಪಾಯವನ್ನು ಮಂಡಿಸಿದರು: ಪಟ್ಟಿ ಬರಿದಾಗಿದ್ದರೆ ಸೋಲು, ಒಂದೇ ಅಂಶವಿದ್ದರೆ ನಿಸ್ಸಂದಿಗ್ಧ ಓದು, ಹಲವಿದ್ದರೆ ಪಠ್ಯಕ್ಕೆ ಹಲವು ಅರ್ಥಗಳು ಸಾಧ್ಯ. 1987ರಲ್ಲಿ ಸಂಶೋಧಕರ ಸಮಿತಿಯೊಂದು ಕೈಗೆತ್ತಿಕೊಂಡ ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ 1990ರಲ್ಲಿ ಹೊರಬಂದ ಮೇಲೆ ಈ ವಿಧಾನಕ್ಕೆ ಒಂದು ನೆಲೆ ಸಿಕ್ಕಿತು. ಗ್ರಹಾಂ ಹಟ್ಟನ್ 1992ರಲ್ಲಿ ಇದನ್ನು ವ್ಯವಸ್ಥಿತವಾಗಿ ವಿವರಿಸಿದರು, 1996ರಲ್ಲಿ ಎರಿಕ್ ಮೈಯರ್ ಅವರೊಡನೆ ಮೊನಾಡ್‌ಗಳ ನೆಲೆಯಿಂದ ಮತ್ತೆ ನಿರೂಪಿಸಿದರು.

ಅಲ್ಲಿಯವರೆಗೆ ಪಾಠದ ವಸ್ತುವಾಗಿದ್ದ ವಿಧಾನವನ್ನು ದಿನಬಳಕೆಗೆ ತಂದದ್ದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿದ್ದ ಡಾನ್ ಲೈಯೆನ್ ರಚಿಸಿದ, 2001ರ ವರದಿಯಲ್ಲಿ ಮೈಯರ್ ಅವರೊಡನೆ ವಿವರಿಸಿದ ಪಾರ್ಸೆಕ್ ಎಂಬ ಲೈಬ್ರರಿ. ಲೈಬ್ರರಿ ಎಂದರೆ ಇಲ್ಲಿ ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸಲೆಂದು ಸಿದ್ಧಪಡಿಸಿಟ್ಟ ಫಂಕ್ಷನ್ನುಗಳ ಸಂಗ್ರಹ. ಪಾರ್ಸೆಕ್‌ನಿಂದ ಕವಲೊಡೆದ ಮೆಗಾಪಾರ್ಸೆಕ್ ಹ್ಯಾಸ್ಕೆಲ್‌ನಲ್ಲಿ ವ್ಯಾಪಕವಾಗಿ ಬಳಕೆಯಾಗುತ್ತದೆ. ಎಫ್-ಶಾರ್ಪ್‌ಗೆ ಎಫ್‌ಪಾರ್ಸೆಕ್, ಓಕ್ಯಾಮಲ್‌ಗೆ ಆಂಗ್‌ಸ್ಟ್ರಾಮ್, ರಸ್ಟ್ ಭಾಷೆಗೆ ನಾಮ್ ಎಂಬ ಲೈಬ್ರರಿಗಳು ಇದೇ ದಾರಿಯಲ್ಲಿ ಹುಟ್ಟಿದವು. ಬರಹದ ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಲು ಜಗತ್ತಿನಾದ್ಯಂತ ಬಳಸುವ ಪ್ಯಾನ್‌ಡಾಕ್ ಎಂಬ ಸಾಧನವು ಪಾರ್ಸೆಕ್‌ನ ನೆರವಿನಿಂದ ಓದುತ್ತದೆ ಎಂಬುದು ಈ ವಿಧಾನ ಪಾಠಶಾಲೆಯನ್ನು ದಾಟಿ ಬಂದಿದೆ ಎಂಬುದಕ್ಕೆ ಸಾಕ್ಷಿ.

ಮಿತಿಗಳು

ಎಲ್ಲ ಸುಲಭ ಸಾಧನಗಳಂತೆ ಇದಕ್ಕೂ ತನ್ನ ತೊಡಕುಗಳಿವೆ, ಮತ್ತು ಅವು ಜಿ-ಕೋಡ್‌ನಲ್ಲೇ ಕಾಣಸಿಗುತ್ತವೆ. ಫಾನುಕ್‌ನ ಮ್ಯಾಕ್ರೋ ಸೌಲಭ್ಯದಲ್ಲಿ, ಅಂದರೆ ಪ್ರೋಗ್ರಾಮಿನೊಳಗೇ ಲೆಕ್ಕ ಮತ್ತು ಜಿಗಿತಗಳನ್ನು ಬರೆಯಲು ಬಿಡುವ ಸೌಲಭ್ಯದಲ್ಲಿ, ಬೇರೊಂದು ಸಾಲಿಗೆ ಜಿಗಿಯಲು ಜಿ, ಓ, ಟಿ, ಓ ಎಂಬ ನಾಲ್ಕು ಅಕ್ಷರಗಳ ಆದೇಶವೊಂದಿದೆ. ಅದೂ ಜಿ01ರಂತೆ ಜಿ ಅಕ್ಷರದಿಂದಲೇ ಆರಂಭವಾಗುತ್ತದೆ. ಪಾರ್ಸೆಕ್‌ನ ನಿಯಮದ ಪ್ರಕಾರ ಆಯ್ಕೆಯ ಮೊದಲ ಪಾರ್ಸರ್ ಒಂದಾದರೂ ಅಕ್ಷರವನ್ನು ನುಂಗಿದ ಮೇಲೆ ಸೋತರೆ ಎರಡನೆಯದಕ್ಕೆ ಅವಕಾಶವೇ ಸಿಗುವುದಿಲ್ಲ. ಜಿ ಅಕ್ಷರವನ್ನು ಓದಿ, ಮುಂದೆ ಅಂಕಿಯನ್ನು ನಿರೀಕ್ಷಿಸಿದ ಪಾರ್ಸರ್ ಓ ಅಕ್ಷರವನ್ನು ಕಂಡು ಸೋತಾಗ, ಜಿಗಿತದ ಆದೇಶವನ್ನು ಓದಬಲ್ಲ ಪಾರ್ಸರ್ ಪಕ್ಕದಲ್ಲೇ ಇದ್ದರೂ ಸುಮ್ಮನಿರಬೇಕಾಗುತ್ತದೆ. ನುಂಗಿದ್ದನ್ನು ಮರಳಿಸಿ ಹಿಂದಕ್ಕೆ ಬರುವಂತೆ ಮಾಡಲು ಟ್ರೈ ಎಂಬ ಕಾಂಬಿನೇಟರನ್ನು ಬಳಸಬೇಕು. ಅದನ್ನು ಎಲ್ಲೆಂದರಲ್ಲಿ ಬಳಸಿದರೆ ಒಂದೇ ಪಠ್ಯವನ್ನು ಮತ್ತೆಮತ್ತೆ ಓದುವುದರಿಂದ ವೇಗ ತಗ್ಗುತ್ತದೆ, ದೋಷ ಎಲ್ಲಿದೆಯೆಂಬ ಸುಳಿವೂ ಮಸುಕಾಗುತ್ತದೆ.

ಎರಡನೆಯ ತೊಡಕು ವ್ಯವಕಲನದಂಥ ಲೆಕ್ಕಗಳದ್ದು. 10 - 3 - 2 ಎಂಬುದನ್ನು ಎಡದಿಂದ ಲೆಕ್ಕ ಹಾಕಿದರೆ 5 ಬರುತ್ತದೆ, ಬಲಭಾಗವನ್ನು ಮೊದಲು ಕಳೆದರೆ 9 ಬರುತ್ತದೆ. ಮ್ಯಾಕ್ರೋ ಪ್ರೋಗ್ರಾಮಿನಲ್ಲಿ ಈ ವ್ಯತ್ಯಾಸ ನೇರವಾಗಿ ಟೂಲಿನ ಸ್ಥಾನವನ್ನೇ ಬದಲಿಸುತ್ತದೆ. ಎಡದಿಂದ ಕಳೆಯುವ ನಿಯಮವನ್ನು ವ್ಯಾಕರಣದಲ್ಲಿ ಸಹಜವಾಗಿ ಬರೆದರೆ, ‘ಲೆಕ್ಕ ಎಂದರೆ ಮೊದಲು ಒಂದು ಲೆಕ್ಕ, ನಂತರ ಕಳೆಯುವ ಚಿಹ್ನೆ, ನಂತರ ಒಂದು ಸಂಖ್ಯೆ’ ಎಂದಾಗುತ್ತದೆ. ಇದನ್ನು ಹಾಗೆಯೇ ಪಾರ್ಸರಾಗಿಸಿದರೆ ಲೆಕ್ಕವನ್ನು ಓದಲು ಹೊರಟ ಫಂಕ್ಷನ್ ಒಂದಕ್ಷರವನ್ನೂ ಓದದೆ ತನ್ನನ್ನೇ ಮತ್ತೆ ಕರೆದು ಕೊನೆಯಿಲ್ಲದೆ ಸುತ್ತುತ್ತದೆ. ಎಡ ಪುನರಾವರ್ತನೆ ಎಂದು ಹೆಸರಾದ ಈ ಸಮಸ್ಯೆಗೆ ಲೈಬ್ರರಿಗಳು ಪರಿಹಾರವನ್ನೂ ಇಟ್ಟುಕೊಂಡಿವೆ: ಮೊದಲು ಒಂದು ಸಂಖ್ಯೆಯನ್ನು ಓದಿ, ನಂತರ ಚಿಹ್ನೆ ಮತ್ತು ಸಂಖ್ಯೆಯ ಜೋಡಿಗಳನ್ನು ಒಂದೊಂದಾಗಿ ಓದುತ್ತ ಎಡದಿಂದಲೇ ಲೆಕ್ಕ ಕೂಡಿಸುತ್ತ ಹೋಗುವ ಸಿದ್ಧ ಕಾಂಬಿನೇಟರ್ ಅವುಗಳಲ್ಲಿರುತ್ತದೆ.

ಮೂರನೆಯ ಮಿತಿ ಪಾರ್ಸರ್ ಎಂಬುದರದ್ದೇ. ಸಾಲು ವ್ಯಾಕರಣಕ್ಕೆ ಸರಿಯಾಗಿದೆ ಎಂದ ಮಾತ್ರಕ್ಕೆ ಟೂಲ್ ಜಾಬನ್ನು ಹಿಡಿದಿರುವ ಚಕ್‌ಗೆ ಬಡಿಯುವುದಿಲ್ಲವೆಂದಾಗಲಿ, ಟೂಲಿನ ಅಳತೆಗೆ ಕೊಟ್ಟ ಆಫ್‌ಸೆಟ್ ಸರಿಯಿದೆಯೆಂದಾಗಲಿ ಭರವಸೆ ಸಿಗುವುದಿಲ್ಲ. ಅದನ್ನು ನೋಡಲು ಚಲನೆಯನ್ನು ಪರದೆಯ ಮೇಲೆ ನಡೆಸಿ ತೋರಿಸುವ ಸಾಧನಗಳೂ ಅನುಭವದ ಕಣ್ಣೂ ಬೇಕು. ಕಂಟ್ರೋಲರಿನ ಒಳಗಿನ ಪಾರ್ಸರನ್ನು ಅದರ ತಯಾರಕರೇ ಬರೆದಿರುವುದರಿಂದ, ಕಾಂಬಿನೇಟರ್ ಲೈಬ್ರರಿಯಲ್ಲಿ ಕಟ್ಟಿದ ಪರೀಕ್ಷಕವು ಪ್ರೋಗ್ರಾಂ ಯಂತ್ರಕ್ಕೆ ಹೋಗುವ ಮೊದಲು ಕಂಪ್ಯೂಟರಿನಲ್ಲೇ ನಡೆಯಬೇಕಾದ ತಪಾಸಣೆಗೆ ಮಾತ್ರ ಒದಗುತ್ತದೆ.

ತಪ್ಪನ್ನು ಯಾವ ಭಾಷೆಯಲ್ಲಿ ಹೇಳಬೇಕು

ಇಷ್ಟು ಮಿತಿಯೊಳಗೂ ಈ ವಿಧಾನ ಕೊಡುವ ದೊಡ್ಡ ಲಾಭ ದೋಷವನ್ನು ತಿಳಿಸುವ ರೀತಿಯಲ್ಲಿದೆ. ಕೀಲಿಮಣೆಯಲ್ಲಿ ಸೊನ್ನೆಯ ಬದಲು ಓ ಅಕ್ಷರ ಬಿದ್ದು ಜಿ01 ಎಂಬುದು ಜಿಓ1 ಆಗಿದ್ದರೆ, ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ತಪ್ಪು ಬೇಗ ಸಿಗುವುದಿಲ್ಲ. ಪಾರ್ಸೆಕ್ ಬಳಗದ ಲೈಬ್ರರಿಗಳು ಎಷ್ಟನೆಯ ಸಾಲು, ಎಷ್ಟನೆಯ ಅಕ್ಷರ, ಅಲ್ಲಿ ಬಂದದ್ದು ಯಾವುದು, ಬರಬೇಕಾಗಿದ್ದದ್ದು ಯಾವುದು ಎಂಬ ನಾಲ್ಕನ್ನೂ ಒಟ್ಟಿಗೆ ಹೇಳುತ್ತವೆ. ಬರಬೇಕಾಗಿದ್ದದ್ದರ ಹೆಸರನ್ನು ಪಾರ್ಸರ್ ಬರೆಯುವವರೇ ಪ್ರತಿಯೊಂದು ತುಣುಕಿಗೂ ಚೀಟಿ ಅಂಟಿಸಿದಂತೆ ಕೊಡಬಹುದಾಗಿದ್ದು, ಆ ಚೀಟಿ ಕೇವಲ ಪಠ್ಯವಾದದ್ದರಿಂದಲೂ ಹ್ಯಾಸ್ಕೆಲ್ ಯೂನಿಕೋಡ್ ಪಠ್ಯವನ್ನು ಒಪ್ಪುವುದರಿಂದಲೂ ಅದು ಯಾವ ಲಿಪಿಯಲ್ಲಿದ್ದರೂ ನಡೆಯುತ್ತದೆ.

ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ; ಸೊಲ್ಲಾಪುರದ ದುಡಿಮೆಯ ವಲಯದಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಬೆರೆತಿವೆ. ‘ನಾಲ್ಕನೆಯ ಸಾಲು, ಎರಡನೆಯ ಅಕ್ಷರ: ಇಲ್ಲಿ ಅಂಕಿ ಇರಬೇಕಿತ್ತು, ಓ ಅಕ್ಷರ ಬಂದಿದೆ’ ಎಂಬ ಸಂದೇಶವನ್ನು ಈ ಮೂರು ಭಾಷೆಗಳಲ್ಲಿಯೂ ಕೊಡಬೇಕೆಂದರೆ ಹೆಸರುಗಳ ಪಟ್ಟಿಯನ್ನು ಮತ್ತು ಸಂದೇಶದ ನಾಲ್ಕಾರು ಕಟ್ಟುಪದಗಳನ್ನು ಬದಲಿಸಿದರಾಯಿತು, ವ್ಯಾಕರಣವನ್ನು ಮುಟ್ಟಬೇಕಾಗಿಲ್ಲ. ಇದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಯಾವ ಯಂತ್ರ ಚುಕ್ಕಿಯನ್ನು ಹೇಗೆ ಎಣಿಸುತ್ತದೆ, ಯಾವುದರಲ್ಲಿ ಟಿಪ್ಪಣಿ ಹೇಗೆ ಬರೆಯಬೇಕು ಎಂಬ ತಿಳಿವಳಿಕೆ ಇರುವುದು ಬಹುಮಟ್ಟಿಗೆ ಸೆಟ್ಟರ್‌ಗಳ ತಲೆಯಲ್ಲಿ, ಮತ್ತು ಅವರು ಕೆಲಸ ಬಿಟ್ಟುಹೋದಾಗ ಆ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. ಅದನ್ನು ನಾಲ್ಕೈದು ಸಾಲಿನ ತುಣುಕುಗಳಾಗಿ, ಯಂತ್ರ ಬಲ್ಲವರೂ ಪ್ರೋಗ್ರಾಮಿಂಗ್ ಬಲ್ಲವರೂ ಒಟ್ಟಿಗೆ ಕುಳಿತು ಓದಿ ತಿದ್ದಬಹುದಾದ ವ್ಯಾಕರಣವಾಗಿ ಬರೆದಿಡಲು ಪಾರ್ಸರ್ ಕಾಂಬಿನೇಟರ್‌ಗಳು ಅನುವು ಮಾಡಿಕೊಡುತ್ತವೆ. ಸಂಶೋಧನೆಯ ವಲಯದಲ್ಲಿ ಹುಟ್ಟಿದ ಈ ವಿಧಾನವನ್ನು ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಸುತ್ತಲಿನ ಕಾರ್ಖಾನೆಗಳ ಕಡತಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಕಲಿಸಿದರೆ, ವಿದ್ಯಾರ್ಥಿಗೆ ವಿಷಯವೂ ತಿಳಿಯುತ್ತದೆ, ಕಾರ್ಖಾನೆಗೆ ಬಳಕೆಯ ಸಾಧನವೊಂದೂ ದೊರೆಯುತ್ತದೆ.